ಬೇಟೆಗಾರರ ಕುರ್ಚಿ

೧೯೯೯ರ ಮಾರ್ಚ್ ೧೪, ಭಾನುವಾರ, ಬೆಳಗ್ಗೆ ಎಂಟು ಇಪ್ಪತ್ತು. ಕೊಲ್ಲಿ ದೇಶದ ಮರಳುಗಾಡಿನ ಊರಾದ ಮದೀನತ್ ಜಾಯೆದ್‌ನ ಪೊಲೀಸ್ ಠಾಣೆಗೆ ನರ್ಸಿನ ಬಿಳಿ ಬಟ್ಟೆಯಲ್ಲೇ ಒಬ್ಬ ಹೆಂಗಸು ಬಂದಳು. ಹೆಸರು ಡೊರೊತಿ, ಮಂಗಳೂರಿನವಳು, ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಅವಳ ಮಾತನ್ನು ಅರಬ್ಬಿಗೆ ತಿರುಗಿಸಿ ಬರೆದುಕೊಳ್ಳಬೇಕಾದವನು ಠಾಣೆಯ ದುಭಾಷಿ ತಮ್ಮಣ್ಣ. ಬಾಗಲಕೋಟೆ ಕಡೆಯವನು, ಹನ್ನೊಂದು ವರ್ಷದಿಂದ ಅದೇ ಮೇಜಿನ ಹಿಂದೆ ಕೂತವನು. ಊರಿನಲ್ಲಾಗಿದ್ದರೆ ಎಫ್‌ಐಆರ್ ಎನ್ನುತ್ತಿದ್ದರು. ಇಲ್ಲಿ ಅದಕ್ಕೆ ಬೇರೆ ಹೆಸರು, ಬಲದಿಂದ ಎಡಕ್ಕೆ ಬರಹ, ಅಷ್ಟೇ.

"ನನ್ನ ಗಂಡ ಲಿಡ್ವಿನ್, ಗಾರ್ಡನ್ ಕಂಪನಿಯಲ್ಲಿ ಇರುವುದು," ಎಂದಳು ಡೊರೊತಿ. "ಕಳೆದ ಮಂಗಳವಾರ ರುವೈಸ್ ರಸ್ತೆಯಲ್ಲಿ ಖರ್ಜೂರದ ಮರದಿಂದ ಬಿದ್ದರು. ಸೊಂಟದಿಂದ ಕೆಳಗೆ ಏನೂ ಅಲುಗುವುದಿಲ್ಲ. ಕುಡಿದು ಹತ್ತಿದ್ದರು, ಬೆಲ್ಟ್ ಕಟ್ಟಲಿಲ್ಲ ಅಂತ ಕಂಪನಿಯವರು ಬರೆದುಕೊಟ್ಟಿದ್ದಾರಂತೆ. ಅದು ಸುಳ್ಳು ಸಾರ್."

ತಮ್ಮಣ್ಣ ಪೆನ್ನು ಕೆಳಗಿಟ್ಟ. ಆ ವರದಿ ಠಾಣೆಗೆ ಗುರುವಾರವೇ ಬಂದಿತ್ತು. ಅದರ ಪ್ರಕಾರ ಲಿಡ್ವಿನ್ ಆಸ್ಪತ್ರೆಯಿಂದ ಹೊರಬಿದ್ದ ದಿನವೇ ಕುಡಿತದ ಕೇಸಿನಲ್ಲಿ ಒಳಗೆ ಹೋಗಬೇಕು. ಶಿಕ್ಷೆ ಮುಗಿದ ಮೇಲೆ ವೀಸಾ ರದ್ದಾಗಿ ನೇರ ವಿಮಾನ. ನಡೆಯಲಾಗದವನನ್ನು ಹೇಗೆ ಹತ್ತಿಸುತ್ತಾರೋ ಅವರಿಗೇ ಗೊತ್ತು.

"ಅಕ್ಕಾರ, ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಕುಡದಿದ್ರ ಸುಮ್ನ ಇರೋದs ಚಲೋ. ನಿಮ್ಮ ಹೆಸರೂ ಬರ್ತದ ಇದರಾಗ."

"ಅವರು ಕುಡಿಯುವವರಾಗಿದ್ದರೆ ನಾನು ಇಲ್ಲಿ ಬರುತ್ತಿದ್ದೆನಾ?" ಅವಳ ದನಿ ಏರಿತು. "ದಿನಾ ಅವರ ಮೈ ಒರೆಸುವುದು ನಾನೇ. ಸೊಂಟದ ಸುತ್ತ ಬೆಲ್ಟಿನ ಕಂದು ಗುರುತು ಉಂಟು, ನಾಲ್ಕು ಬೆರಳು ಅಗಲ. ಕಟ್ಟದಿದ್ದರೆ ಗುರುತು ಎಲ್ಲಿಂದ ಬಂತು?"

ತಮ್ಮಣ್ಣನಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ನಮ್ಮ ಮಂದಿ ಅಂದರೆ ಕುಡಿದೇ ಬಿದ್ದಿರಬೇಕು ಎಂದು ತಾನೂ ನಂಬಿಬಿಟ್ಟಿದ್ದನಲ್ಲ! ದೂರು ಬರೆದು ಒಳಗೆ ಒಯ್ದ.

ಲೆಫ್ಟಿನೆಂಟ್ ಹಮದ್ ಮೂವತ್ತರ ಆಸುಪಾಸಿನವನು, ಲಿವಾ ಓಯಸಿಸ್‌ನವನು. ದೂರು ಓದಿ ಕಂಪನಿಯ ವರದಿಯನ್ನು ಪಕ್ಕದಲ್ಲಿಟ್ಟುಕೊಂಡ. ವರದಿ ಇಂಗ್ಲಿಷಿನಲ್ಲಿತ್ತು, ಕೆಳಗೆ ಸ್ಟೋರ್ ಮತ್ತು ಸುರಕ್ಷತಾ ಅಧಿಕಾರಿ ಪೂವಪ್ಪನ ಸಹಿ. ಹಮದ್‌ನ ಬೆರಳು ಒಂದು ಪದದ ಮೇಲೆ ನಿಂತಿತು.

"ಬಾಯಿಂದ ಟಾಡಿಯ ವಾಸನೆ ಬರುತ್ತಿತ್ತು ಅಂತ ಇದೆ. ಟಾಡಿ ಅಂದರೇನು?"

"ಕಳ್ಳು, ಸಾಹೇಬ್. ಮರದಿಂದ ಇಳಿಸುತ್ತಾರೆ. ಆ ಕಡೆ ತೆಂಗಿನಿಂದ, ನಮ್ಮ ಕಡೆ ಈಚಲಿನಿಂದ. ನಾವು ಸಿಂದಿ ಅನ್ನುತ್ತೇವೆ."

"ಇಲ್ಲಿ ಸಿಗುತ್ತದೆಯೆ?"

ತಮ್ಮಣ್ಣ ಯೋಚಿಸಿದ. ಕದ್ದುಮುಚ್ಚಿ ಮಾರುವ ವಿಸ್ಕಿ ಅವನಿಗೆ ಗೊತ್ತು, ಲೇಬರ್ ಕ್ಯಾಂಪಿನಲ್ಲಿ ಕಾಯಿಸುವ ಸಾರಾಯಿಯೂ ಗೊತ್ತು. ಕಳ್ಳು? "ಮಾಫಿ, ಇಲ್ಲವೇ ಇಲ್ಲ. ಹನ್ನೊಂದು ವರ್ಷದಲ್ಲಿ ನಾನು ನೋಡಿಲ್ಲ."

"ಹಾಗಾದರೆ ಈ ಮನುಷ್ಯನ ಮೂಗಿಗೆ ಅದು ಎಲ್ಲಿಂದ ಬಂತು? ಸುಳ್ಳು ಬರೆಯುವವನಿಗೂ ತನಗೆ ಗೊತ್ತಿರುವುದೇ ಅಲ್ಲವೆ ಹೊಳೆಯುವುದು? ಯಲ್ಲಾ, ನಡಿ, ಗಾಡಿ ತೆಗೆಸು."

ಹೊರಡುವ ಮುಂಚೆ ಹಮದ್ ಆಸ್ಪತ್ರೆಗೆ ಫೋನ್ ಮಾಡಿದ. ಲಿಡ್ವಿನ್‌ನನ್ನು ಸೇರಿಸಿದ ಗಂಟೆಯಲ್ಲೇ ರಕ್ತ ತೆಗೆದಿದ್ದರು, ಫಲಿತಾಂಶ ಮೂರು ದಿನದಿಂದ ಫೈಲಿನಲ್ಲೇ ಇತ್ತು. ಮದ್ಯದ ಅಂಶ ಇಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಠಾಣೆಯವರೂ ಕೂಡ.

ಹನ್ನೊಂದು ಗಂಟೆಗೆ ಕಂಪನಿಯ ಸ್ಟೋರು ತಲುಪಿದರು. ಫೋರ್‌ಮನ್ ಮಮ್ಮು ಬಾಗಿಲಲ್ಲೇ ಸಿಕ್ಕಿದ. ಉಳ್ಳಾಲದವನು, ಐವತ್ತು ದಾಟಿದವನು. ಲಿಡ್ವಿನ್ ಹತ್ತಿದ್ದು ಇದರಲ್ಲೇ ಎಂದು ಅವನು ಒಳಗಿನಿಂದ ತಂದು ತೋರಿಸಿದ ವಸ್ತುವಿಗೆ ಹಮದ್ ಎರಡು ಸುತ್ತು ಹೊಡೆದು ನೋಡಿದ. ಅಲ್ಯೂಮಿನಿಯಂನ ಎರಡು ಚೌಕಟ್ಟು. ಮೇಲಿನದರಲ್ಲಿ ಕೂರುವುದು, ಕೆಳಗಿನದರಲ್ಲಿ ಪಾದ ಇಡುವುದು. ಎರಡಕ್ಕೂ ಮರವನ್ನು ಸುತ್ತುವ ಹಲ್ಲಿನ ಪಟ್ಟಿ.

"ಕೂತು ಕಾಲು ಎಳೆದುಕೊಳ್ಳಬೇಕು, ಆಮೇಲೆ ನಿಂತು ಕುರ್ಚಿ ಎತ್ತಬೇಕು, ಸಾರ್," ಎಂದ ಮಮ್ಮು. "ಹುಳ ಹೋದ ಹಾಗೆ ಮೇಲೆ ಹೋಗುವುದು. ಅಮೆರಿಕದಲ್ಲಿ ಬಿಲ್ಲು ಹಿಡಿದು ಬೇಟೆ ಮಾಡುವವರದ್ದಂತೆ ಇದು. ರುವೈಸಿನಲ್ಲಿ ಒಬ್ಬ ಅಮೆರಿಕನ್ ಇಂಜಿನಿಯರ್ ಪುಸ್ತಕ ಕೊಟ್ಟದ್ದು. ಅದರಲ್ಲಿ ಏಳೆಂಟು ನಮೂನೆ ಇತ್ತು. ಪೂವಪ್ಪಣ್ಣ ಇದನ್ನು ಆರಿಸಿದರು."

"ಏಕೆ ಬೇಕಾಯಿತು?"

"ಹಗ್ಗ ಕಟ್ಟಿ ಹತ್ತುವ ನಾಲ್ಕು ಜನ ಇದ್ದರು, ಡಿಸೆಂಬರಿನಲ್ಲಿ ಊರಿಗೆ ಹೋದರು. ಉಳಿದವರಿಗೆ ಹತ್ತಲಿಕ್ಕೆ ಬರುವುದಿಲ್ಲ. ಕುರ್ಚಿ ಇದ್ದರೆ ಯಾರೂ ಹತ್ತಬಹುದು ಅಂತ."

ಆಯ್ಕೆಯ ಟಿಪ್ಪಣಿಯೂ ಸ್ಟೋರಿನ ಫೈಲಿನಲ್ಲಿತ್ತು. ಭಾರ ಕಡಿಮೆ. ಬೆನ್ನಿಗೆ ಹೊರಬಹುದು. ಹತ್ತುವಾಗ ಸದ್ದಾಗುವುದಿಲ್ಲ, ಜಿಂಕೆಗೆ ಕೇಳಿಸದು.

"ಖರ್ಜೂರಕ್ಕೆ ಕಿವಿ ಇದೆಯೇನೋ?" ಎಂದ ಹಮದ್. ತಮ್ಮಣ್ಣ ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಮಮ್ಮು ನಗಲು ಹೋಗಿ ತಡೆದುಕೊಂಡ.

ಅದರ ಕೆಳಗೆ ಪರೀಕ್ಷಾ ಪತ್ರ, ಮಾರ್ಚ್ ೬ನೇ ತಾರೀಖಿನದು: "ಪರೀಕ್ಷಿಸಲಾಗಿದೆ. ಬಳಸಬಹುದು." ಅದಕ್ಕೂ ಪೂವಪ್ಪನದೇ ಸಹಿ.

"ಯಾರು ಹತ್ತಿ ಪರೀಕ್ಷಿಸಿದರು?"

"ನನಗೆ ಗೊತ್ತಿಲ್ಲ ಸಾರ್. ಆಗ ಸ್ಟೋರಿನ ಕೀಲಿ ಇದ್ದದ್ದು ಅವರೊಬ್ಬರ ಹತ್ತಿರ ಮಾತ್ರ."

ಹಮದ್ ಸ್ಟೋರಿನ ಹಿಂದಕ್ಕೆ ನಡೆದ. ಅಲ್ಲಿ ಮೂರು ಖರ್ಜೂರದ ಮರ. ನಡುವಿನದರ ಮುಂದೆ ಬಹಳ ಹೊತ್ತು ನಿಂತ. ಕಡಿದ ಗರಿಗಳ ಮೊಟಕು ಬುಡಗಳು ಕಾಂಡದ ತುಂಬ ಇದ್ದವು. ಅವುಗಳ ಮೇಲೆ ಹಲ್ಲಿನ ಗುರುತು ಮೊಣಕಾಲೆತ್ತರದಿಂದ ಶುರುವಾಗಿ ಎರಡು ಆಳೆತ್ತರದವರೆಗೆ ಹೋಗಿತ್ತು. ಅಲ್ಲಿಂದ ಕೆಳಗೆ ಉದ್ದಕ್ಕೂ ಮೊಟಕುಗಳು ಕಿತ್ತುಹೋಗಿ, ತಾಜಾ ಕೆಂಪು ನಾರು ಕಾಣುತ್ತಿತ್ತು. ಕಾನ್‌ಸ್ಟೇಬಲ್ ಅಳೆದು ಫೋಟೊ ತೆಗೆದ. ಮಮ್ಮುವನ್ನೂ ಗೇಟಿನ ಕಾವಲುಗಾರನನ್ನೂ ಸಾಕ್ಷಿಯಾಗಿ ನಿಲ್ಲಿಸಿ ತಮ್ಮಣ್ಣ ಪಂಚನಾಮೆ ಬರೆದುಕೊಂಡ.

"ಇಲ್ಲಿ ಒಬ್ಬ ಹತ್ತಿದ್ದಾನೆ," ಎಂದ ಹಮದ್. "ಮೇಲೆ ಹೋದಾಗ ಮೊಟಕು ಕಿತ್ತು ಪಾದದ ಚೌಕಟ್ಟು ಜಾರಿ ಬಿದ್ದಿದೆ. ಅವನು ಮೇಲೆ ನೇತಾಡಿಕೊಂಡು ಉಳಿದಿದ್ದಾನೆ. ಈಗ ಈ ಪಕ್ಕ ನೋಡು. ಇಲ್ಲಿ ಧೂಳು ಒರೆಸಿದ್ದು ಬರಿಗಾಲು, ಕುರ್ಚಿ ಬಿಟ್ಟು ಇಳಿದಿದ್ದಾನೆ. ಕೀಳುವಂಥ ಮೊಟಕಿನ ಮೇಲೆ ಒಂದು ಸಲವೂ ಕಾಲಿಟ್ಟಿಲ್ಲ. ಇವನಿಗೆ ಮರ ಗೊತ್ತು."

ಗೇಟಿನ ರಿಜಿಸ್ಟರಿನಲ್ಲಿ ಮಾರ್ಚ್ ೫, ಶುಕ್ರವಾರ, ರಜೆಯ ದಿನ ಒಂದೇ ಹೆಸರಿತ್ತು. ಪೂವಪ್ಪ. ಒಳಗೆ ಬಂದದ್ದು ಆರು ನಲವತ್ತು, ಹೋದದ್ದು ಎಂಟು ಹತ್ತು.

"ಛೆ ಛೆ, ಅವರು ಮರ ಹತ್ತುವುದಾ!" ಎಂದ ಮಮ್ಮು. "ಉಡುಪಿ ಕಡೆ ದೊಡ್ಡ ಮನೆಯವರು ಮಾರಾಯ್ರೆ. ತಂದೆ ಹೆಡ್‌ಮಾಸ್ಟರ್. ಅವರ ತೋಟದಲ್ಲಿ ಹತ್ತಲಿಕ್ಕೆ ಆಳುಗಳು ಇದ್ದರಂತೆ."

ಪೂವಪ್ಪನನ್ನು ಅಂದೇ ಮಧ್ಯಾಹ್ನ ಎರಡೂವರೆಗೆ ಠಾಣೆಗೆ ಕರೆಸಿದರು. ನಲವತ್ತೆರಡು ವರ್ಷ, ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಶೂ. ವಿಚಾರಣೆಯ ಪ್ರಶ್ನೆ ಹಮದ್‌ನದು, ತಿರುಗಿಸುವ ಕೆಲಸ ತಮ್ಮಣ್ಣನದು.

"ಕುರ್ಚಿಯನ್ನು ಯಾರು ಪರೀಕ್ಷಿಸಿದರು?"

"ನಾನು. ನೆಲದ ಮೇಲೆ ಇಟ್ಟು ನೋಡಿದ್ದೇನೆ. ಎಲ್ಲ ಸರಿ ಇತ್ತು."

"ಮರಕ್ಕೆ ಕಟ್ಟಿ?"

"ಇಲ್ಲ."

"ಶುಕ್ರವಾರ ಬೆಳಗ್ಗೆ ಸ್ಟೋರಿನಲ್ಲಿ ಏನು ಕೆಲಸ?"

"ಲೆಕ್ಕ ನೋಡಲಿಕ್ಕಿತ್ತು."

"ಲಿಡ್ವಿನ್ ಬೆಲ್ಟ್ ಕಟ್ಟಿದ್ದ. ಮೈಮೇಲೆ ಗುರುತಿದೆ. ಅವನ ರಕ್ತದಲ್ಲಿ ಮದ್ಯ ಇರಲಿಲ್ಲ. ಟಾಡಿಯ ವಾಸನೆ ನಿಮಗೆ ಎಲ್ಲಿಂದ ಬಂತು?"

"ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ವಾಸನೆ ಅದು."

"ಶೂ ಬಿಚ್ಚಲು ಹೇಳು," ಎಂದ ಹಮದ್.

ತಮ್ಮಣ್ಣ ಕಳ್ಳರಿಗೆ, ಕುಡುಕರಿಗೆ ಏನೇನೋ ಹೇಳಿದ್ದಾನೆ ಈ ಮೇಜಿನಿಂದ. ಮರ್ಯಾದಸ್ಥನಂತೆ ಎದುರು ಕೂತ ಊರಿನವನೊಬ್ಬನಿಗೆ ಇದನ್ನು ಹೇಳುವುದು ಹೇಗೆ? "ಪೂವಪ್ಪನವರ... ಬೂಟು ಬಿಚ್ರಿ ಅಂತಾರ. ತಪ್ಪು ತಿಳೀಬ್ಯಾಡ್ರಿ."

ಪೂವಪ್ಪ ಶೂ ಬಿಚ್ಚಿದ. ಸಾಕ್ಸಿನ ಮೇಲೆ ಕೈಯಿಟ್ಟು ತಡೆದ. ಆಮೇಲೆ ಅದನ್ನೂ ಬಿಚ್ಚಿದ. ಎರಡೂ ಪಾದದ ಒಳ ಅಂಚಿನಲ್ಲಿ ಉದ್ದಕ್ಕೂ ಕಪ್ಪಗೆ ಜಡ್ಡುಗಟ್ಟಿತ್ತು. ಕಾಲಿಗೆ ಹಗ್ಗದ ತಳೆ ಹಾಕಿ ವರ್ಷಗಟ್ಟಲೆ ಮರ ಹತ್ತಿದವರ ಪಾದ ಅದು. ಇಪ್ಪತ್ತು ವರ್ಷದ ಶೂ ಅದನ್ನು ಅಳಿಸಿರಲಿಲ್ಲ.

ಹಮದ್ ಬಗ್ಗಿ ನೋಡಿದ. ಮುಖದಲ್ಲಿದ್ದ ಗಡಸು ಕಡಿಮೆಯಾಯಿತು.

"ಇದನ್ನು ಮುಚ್ಚಿಕೊಂಡು ತಿರುಗುತ್ತಾನೆಯೆ ಇವನು? ನನ್ನ ಅಪ್ಪನ ಕಾಲೂ ಹೀಗೇ ಇದೆ. ಎಪ್ಪತ್ತು ವರ್ಷ, ಲಿವಾದಲ್ಲಿ ಈಗಲೂ ಅವನೇ ಹತ್ತುತ್ತಾನೆ. ನಮ್ಮನ್ನು ಮರಕ್ಕೆ ಕೈ ಹಚ್ಚಲು ಬಿಡುವುದಿಲ್ಲ. ಅತಿಥಿಗಳು ಬಂದರೆ ಅವನಿಗೆ ಅದೊಂದೇ ಜಂಬ. ಹೇಳು ಇವನಿಗೆ."

ತಮ್ಮಣ್ಣ ಹೇಳಿದ. ಒಂದೊಂದೇ ಮಾತು ಬಿಡಿಸಿ, ಏನನ್ನೂ ಬಿಡದೆ ಹೇಳಿದ.

ಪೂವಪ್ಪ ಮುಖ ಮುಚ್ಚಿಕೊಂಡು ಅತ್ತ. ಗಂಡಸರು ಆ ರೀತಿ ಅಳುವುದನ್ನು ನೋಡಲಾರದೆ ಕಾನ್‌ಸ್ಟೇಬಲ್ ನೀರು ತರುವ ನೆಪದಲ್ಲಿ ಹೊರಗೆ ಹೋದ.

"ನನ್ನ ತಂದೆ ಹೆಡ್‌ಮಾಸ್ಟರ್ ಅಲ್ಲ," ಎಂದ ಕೊನೆಗೆ. "ಕಳ್ಳು ಇಳಿಸುತ್ತಿದ್ದರು. ಇಪ್ಪತ್ತೆರಡು ವರ್ಷದವರೆಗೆ ನಾನೂ ಅವರ ಒಟ್ಟಿಗೆ ಹತ್ತಿದ್ದೇನೆ. ಇಲ್ಲಿಗೆ ಬಂದ ಹೊಸತರಲ್ಲಿ, ಮರ ಹತ್ತುವವರು ಮಂಗಗಳು ಅಂತ ಮ್ಯಾನೇಜರ್ ಒಂದು ಸಲ ನಗಾಡಿದರು. ಎಲ್ಲರೂ ನಗಾಡಿದರು. ನಾನೂ ನಗಾಡಿದೆ. ಮರುದಿನ ಯಾರೋ ತಂದೆ ಏನು ಮಾಡುತ್ತಿದ್ದರು ಅಂತ ಕೇಳಿದಾಗ ಹೆಡ್‌ಮಾಸ್ಟರ್ ಅಂದುಬಿಟ್ಟೆ."

"ಶುಕ್ರವಾರ ಏನಾಯಿತು?"

"ಪುಸ್ತಕದಲ್ಲೇ ಬರೆದಿತ್ತು, ತೊಗಟೆ ಗಟ್ಟಿ ಇರುವ ಮರಕ್ಕೆ ಮಾತ್ರ ಅಂತ. ಆರಿಸುವಾಗ ನಾನು ಭಾರ ನೋಡಿದೆ, ಸದ್ದು ನೋಡಿದೆ, ಮರ ನೋಡಲಿಲ್ಲ. ಸಂಶಯ ಬಂತು. ಯಾರೂ ಇಲ್ಲದಾಗ ಹತ್ತಿ ನೋಡಿದೆ. ಜಾರಿತು. ಬರಿಗಾಲಲ್ಲಿ ಇಳಿದು ಬಂದೆ."

"ಮ್ಯಾನೇಜರಿಗೆ ಏಕೆ ಹೇಳಲಿಲ್ಲ?"

"ಯಾರು ಹತ್ತಿದ್ದು ಅಂತ ಕೇಳುತ್ತಿದ್ದರು. ನಾನು ಅಂದರೆ, ಅಷ್ಟು ಎತ್ತರದಿಂದ ಹೇಗೆ ಇಳಿದೆ ಅಂತ ಕೇಳುತ್ತಿದ್ದರು."

"ಬೇರೆ ಏನಾದರೂ ನೆಪ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು." ಪೂವಪ್ಪ ತನ್ನ ಪಾದವನ್ನೇ ನೋಡುತ್ತಿದ್ದ. "ನಾಳೆ ಹೇಳುವ, ನಾಳೆ ಹೇಳುವ ಅಂತ ನಾಲ್ಕು ದಿನ ಹೋಯಿತು. ಶನಿವಾರ ಕಾಗದ ಎದುರಿಗಿಟ್ಟರು, ಸಹಿ ಹಾಕಿದೆ. ಮಂಗಳವಾರ ಅವನು ಕುರ್ಚಿ, ಬೆಲ್ಟು ಸಮೇತ ಜಾರಿ ಬಿದ್ದ. ಆಮೇಲೆ ಹೆದರಿಕೆಯಾಗಿ ಕುಡಿದಿದ್ದ ಅಂತ ಬರೆದೆ. ಕಳ್ಳು ಇಳಿಸಿದ ದುಡ್ಡಲ್ಲಿ ಓದಿದವನು ನಾನು, ಇನ್ನೊಬ್ಬನ ಬಾಯಲ್ಲಿ ಕಳ್ಳಿನ ವಾಸನೆ ಅಂತ ಬರೆದೆನಲ್ಲ. ಥೂ, ನನ್ನ ಜನ್ಮಕ್ಕೆ!"

ತಮ್ಮಣ್ಣ ಕೊನೆಯದನ್ನು ಅರಬ್ಬಿಯಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿ ಕೈಬಿಟ್ಟ. ಹಮದ್ ಕೇಳಲೂ ಇಲ್ಲ. ಸಂಜೆ ನಾಲ್ಕೂ ಐದಕ್ಕೆ ಪೂವಪ್ಪನ ಬಂಧನ ದಾಖಲಾಯಿತು. ನಿರ್ಲಕ್ಷ್ಯದಿಂದ ಗಾಯ, ಸುಳ್ಳು ದಾಖಲೆ, ಸುಳ್ಳು ಆರೋಪ. ಫಾರಮಿನಲ್ಲಿ ಕಾರಣ ಎಂಬ ಜಾಗದಲ್ಲಿ ಏನು ತುಂಬುವುದು ಎಂದು ತಮ್ಮಣ್ಣ ಕೇಳಿದ.

"ನಾಚಿಕೆ," ಎಂದ ಹಮದ್. ಆಮೇಲೆ, "ಅದು ಕೋರ್ಟಿಗೆ ಅರ್ಥವಾಗುವುದಿಲ್ಲ. ನಿರ್ಲಕ್ಷ್ಯ ಅಂತಲೇ ಬರೆ," ಎಂದ.

ಮಾರ್ಚ್ ೧೭, ಬುಧವಾರ. ಕುಡಿತದ ಆರೋಪ ಕೈಬಿಟ್ಟ ಪತ್ರವನ್ನು ತಮ್ಮಣ್ಣ ತಾನೇ ಆಸ್ಪತ್ರೆಗೆ ಒಯ್ದ. ಟಪಾಲಿನಲ್ಲಿ ಕಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ವಾರ್ಡಿನಲ್ಲಿ ಲಿಡ್ವಿನ್ ಅಂಗಾತ ಮಲಗಿದ್ದ. ಡೊರೊತಿ ಪತ್ರವನ್ನು ಎರಡು ಸಲ ಓದಿಸಿಕೊಂಡು ಕೈಚೀಲದಲ್ಲಿಟ್ಟಳು.

"ಅಕ್ಕಾರ, ಅವತ್ತು ನಾ ಹಂಗ ಮಾತಾಡಬಾರದಿತ್ತು. ತಪ್ಪಾತು," ಎಂದ ತಮ್ಮಣ್ಣ.

"ಬರೆದುಕೊಂಡಿರಲ್ಲ, ಸಾಕು," ಎಂದಳು ಅವಳು. "ಆ ಪೂವಪ್ಪ, ಇವರು ಬಿದ್ದ ಎರಡನೆಯ ದಿನ ಕಿತ್ತಳೆ ತೆಗೆದುಕೊಂಡು ಇಲ್ಲಿಗೆ ಬಂದಿದ್ದ ಸಾರ್. ಇವರ ಕಾಲು ಹಿಡಿದುಕೊಂಡು ಅರ್ಧ ಗಂಟೆ ಕೂತಿದ್ದ. ಎಷ್ಟು ಒಳ್ಳೆಯವರು ಅಂತ ನಾನು ಚಾ ಮಾಡಿ ಕೊಟ್ಟೆ."

ಲಿಡ್ವಿನ್ ಚಾವಣಿಯಿಂದ ಕಣ್ಣು ತೆಗೆದು ತಮ್ಮಣ್ಣನ ಕಡೆ ನೋಡಿದ. "ಅವರಿಗೆ ನಿಜವಾಗಿಯೂ ಮರ ಹತ್ತಲಿಕ್ಕೆ ಬರ್ತಿತ್ತಾ?"

"ಬರ್ತಿತ್ತಪ್ಪ. ಚಲೋ ಬರ್ತಿತ್ತು."

"ನನಗೆ ಹತ್ತಲಿಕ್ಕೆ ಹೆದರಿಕೆ ಇತ್ತು ಸಾರ್," ಎಂದ ಲಿಡ್ವಿನ್. "ಹೇಳಲಿಕ್ಕೆ ನಾಚಿಕೆ ಆಯ್ತು. ಅವರಿಗೆ ಬರ್ತದೆ ಅಂತ ಗೊತ್ತಿದ್ದಿದ್ದರೆ, ಸ್ವಲ್ಪ ಕಲಿಸಿಕೊಡಿ ಅಂತ ಕೇಳ್ತಿದ್ದೆ."