ಅಕ್ಕಿ ಕಾಳಿನಷ್ಟು ಚಿಮ್ಮಂಡೆ

ಹೆಗ್ಗದ್ದೆ ಊರಿನಲ್ಲಿ ತಮ್ಮ ಗದ್ದೆಯ ಬದುವಿನ ಮೇಲೆ ಯಾರೋ ಬೋರಲು ಬಿದ್ದಿರುವುದನ್ನು ಕಂಡು ಆಶಾ ಬುತ್ತಿ ಕೆಳಗಿಟ್ಟು ಓಡಿದಳು.

“ಹಾವೇನಾದ್ರೂ ಕಚ್ತೇನ್ರೀ?”

“ಶ್! ಚಿಮ್ಮಂಡೆ ಹುಳ ಹುಡುಕ್ತಿದ್ದೀನಿ.”

“ಚಿಮ್ಮಂಡೆಗೆ ಇಷ್ಟೊಂದು ಅಡ್ಡಬೀಳ್ಬೇಕಾ?”

ಅವನು ನಕ್ಕ. ಗಡ್ಡಕ್ಕೆ ಕೆಸರು ಮೆತ್ತಿತ್ತು. ಅದನ್ನು ಹೇಳಲು ಅವಳಿಗೆ ಮನಸ್ಸಾಗಲಿಲ್ಲ, ಹಾಗೇ ಚೆನ್ನಾಗಿ ಕಾಣುತ್ತಿದ್ದ.

ಅವನು ಲೋಹಿತ್, ಹಾಸನದಿಂದ ಬಂದಿದ್ದ ಹುಳಗಳ ಸಂಶೋಧಕ. ಅಕ್ಕಿ ಕಾಳಿನಷ್ಟೇ ಇರುವ ಚಿಮ್ಮಂಡೆಯೊಂದು ಐದು ವರ್ಷ ಹುಡುಕಿದ ಮೇಲೆ ಕಳೆದ ವರ್ಷ ಅವನಿಗೆ ಈ ಕಡೆ ಸಿಕ್ಕಿತ್ತು, ಹೆಣ್ಣು. ಹಾಡುವ ಗಂಡೂ ಸಿಕ್ಕರೆ ಹೊಸ ಜಾತಿಯೆಂದು ತೋರಿಸಬಹುದಿತ್ತು. ಆದರೆ ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವನಿಗೆ ಚೂಪಾದ ಸದ್ದುಗಳು ಕೇಳಿಸುತ್ತಿರಲಿಲ್ಲ. ರೆಕಾರ್ಡರ್ ಮಳೆಗೆ ಕೆಟ್ಟಿತ್ತು.

“ಇಲ್ಲೇ ಎಲ್ಲೋ ಕೂಗ್ತಾ ಐತಲ್ಲ, ಸೂಜಿ ಚುಚ್ಚಿದಂಗೆ,” ಎಂದಳು ಆಶಾ.

ಅವನು ಅವಳನ್ನು ನೋಡಿದ ರೀತಿಯಲ್ಲಿ ಈವರೆಗೆ ಯಾರೂ ನೋಡಿರಲಿಲ್ಲ.

ಎರಡು ವಾರ ಮಧ್ಯಾಹ್ನವೆಲ್ಲ ಬದುವಿನ ಮೇಲೆ ಕಳೆಯಿತು. ಅವಳು ಕೂಗು ಕೇಳಿ ಜಾಗ ತೋರಿಸಿದರೂ ಗಂಡು ಚಿಮ್ಮಂಡೆ ಪ್ರತಿಸಲವೂ ಚಿಮ್ಮಿ ತಪ್ಪಿಸಿಕೊಳ್ಳುತ್ತಿತ್ತು. ಒಮ್ಮೆ ಅವನು ಅವಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದ. “ಈ ಕಿವಿನ ಹಾಸನಕ್ಕೆ ಕರ್ಕೊಂಡು ಹೋಗ್ಬಿಡ್ತೀನಿ.”

ಅದೇ ವಾರ ಆಲೂರಿನಿಂದ ಬಂದ ಸಂಬಂಧವನ್ನು ಆಶಾ ಬೇಡವೆಂದಳು. ಅವ್ವ ವಿಶಾಲಮ್ಮ ಮಾತು ಬಿಟ್ಟಳು.

“ಬಂದ ಸಂಬಂಧನ ನಿಮಗೋಸ್ಕರ ಬ್ಯಾಡ ಅಂದ್ಬುಟ್ಟೆ,” ಎಂದು ಆಶಾ ಅವನ ಮುಂದೆ ತಲೆ ತಗ್ಗಿಸಿದಳು.

ಲೋಹಿತ್ ಗಾಬರಿಯಾಗಿ, ನಂತರ ನಕ್ಕುಬಿಟ್ಟ. “ಅಯ್ಯೋ, ತಮಾಷೆಗೆ ಅಂದಿದ್ದು ಆಶಾ! ಡಿಸೆಂಬರಲ್ಲಿ ನಯನಾ ಜೊತೆ ನನ್ನ ಮದುವೆ. ನಂಗೆ ಬೇಕಾಗಿದ್ದು ನಿಮ್ಮ ಕಿವಿ ಮಾತ್ರ.” ಮತ್ತೆ ಹುಲ್ಲಿನತ್ತ ಬಾಗಿ ಕೇಳಿದ: “ಈಗ ಎಲ್ಲಿ ಕೂಗ್ತಿದೆ?”

ಅವನ ಮೊಣಕೈ ಪಕ್ಕದ ಹುಲ್ಲಿನಲ್ಲೇ ಕೂಗುತ್ತಿತ್ತು.

“ಎಲ್ಲೂ ಇಲ್ಲ,” ಎಂದಳು.

ಮುಂದಿನ ನಾಲ್ಕು ದಿನ ಅವನು ಮಂಡಿಯೂರಿ ಗದ್ದೆಯೆಲ್ಲ ತೆವಳಿದ. ಅವಳು ಬೇಕೆಂದೇ ಸದ್ದಿಲ್ಲದ ಮೂಲೆಗಳನ್ನು ತೋರಿಸಿದಳು. ಅವನ ಅಂಗೈ ಹುಲ್ಲಿಗೆ ಕುಯ್ದುಕೊಂಡು ರಕ್ತ ಬಂದರೂ ಇನ್ನೊಂದು ಮೂಲೆಯತ್ತ ಕೈ ಚಾಚಿದಳು. ನಾಳೆ ಕೊಯ್ಲು, ಆಮೇಲೆ ಚಿಮ್ಮಂಡೆಗಳು ಇಲ್ಲಿ ಉಳಿಯುವುದಿಲ್ಲ ಎನ್ನುವಾಗ ಅವನ ಕಣ್ಣು ತುಂಬಿತು.

“ಆರು ವರ್ಷದ ಕೆಲಸ. ಕೊನೇ ಸಲ ಕೇಳಿ, ಆಶಾ.”

ಆಶಾ ಕಣ್ಣು ಮುಚ್ಚಿ ಕೇಳಿದಳು. ಅವನ ಪಾದದ ಹತ್ತಿರ ಒಂದು, ಆಚೆ ಇನ್ನೊಂದು. ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಈಗಲೂ ಅನಿಸುತ್ತಿತ್ತು.

“ಎಲ್ಲಾ ಹೋಗ್ಬುಟ್ಟವೆ ಕಣ್ರೀ.”

ಅವನು ನಂಬಿದ. ಕೈಮುಗಿದು, “ತುಂಬಾ ಕಷ್ಟಪಟ್ರಿ ನಂಗೋಸ್ಕರ,” ಎಂದು ರಸ್ತೆಯತ್ತ ನಡೆದ.

ಬಸ್ಸು ಬರಲು ಹತ್ತು ನಿಮಿಷವಾಯಿತು. ಅಷ್ಟರಲ್ಲಿ ಅವಳು ಒಂದು ಕೂಗು ಹಾಕಿದ್ದರೆ ಅವನು ಓಡಿ ಬರುತ್ತಿದ್ದ. ಆಶಾ ಸೆರಗಿನ ಅಂಚು ಕಚ್ಚಿಕೊಂಡು, ಅವನು ಹತ್ತುವವರೆಗೂ ನೋಡುತ್ತ ನಿಂತಳು.