ಎರಡು ಚುಕ್ಕೆಯ ಗೇರು

ತಾರೀಖು ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದು, ಹನ್ನೊಂದು ದಿನದ ಹಿಂದೆ ಬರೆದ ಎಫ್‌ಐಆರ್‌ನಲ್ಲಿ ಎರಡು ಪದ ತಪ್ಪಾಗಿವೆ, ತೆಗೆಯಬೇಕು ಎಂದಳು. ಬರೆಯುವ ಮೇಜಿನಲ್ಲಿದ್ದ ದಫೇದಾರರು ಕನ್ನಡಕ ಹಣೆಗೇರಿಸಿ ನೋಡಿದರು.

"ಯಾವ ಪದಗಳಮ್ಮ?"

"ಅತಿವೇಗ, ಅಜಾಗರೂಕತೆ. ಸತ್ತ ಡ್ರೈವರ್ ನಮ್ಮ ಯಜಮಾನರು."

"ಎಫ್‌ಐಆರ್ ಅಂದ್ರೆ ಗೋಡೆ ಬರಹ ಅಲ್ಲಮ್ಮ, ಸುಣ್ಣ ಬಳಿದು ಅಳಿಸೋಕೆ."

ಒಳಗಿನಿಂದ ಇನ್ಸ್‌ಪೆಕ್ಟರ್ ಕರೆದರು. ಅವರು ಈ ಠಾಣೆಗೆ ವರ್ಗವಾಗಿ ಬಂದು ಒಂದು ವಾರವಾಗಿತ್ತು. ಆಕೆಯನ್ನು ಕೂರಿಸಿ ಕಡತ ತೆಗೆಸಿ ಓದಿದರು. ಮೂರನೇ ತಾರೀಖು ಸೋಮವಾರ, ಬೆಳಿಗ್ಗೆ ಎಂಟು ಇಪ್ಪತ್ತು, ಬೆಟ್ಟದ ರಸ್ತೆಯ ಐದನೇ ತಿರುವು. ಟವರ್ ರಿಪೇರಿಗೆ ಐವರು ಕೆಲಸಗಾರರನ್ನು ಹತ್ತಿಸಿಕೊಂಡು ಹೋಗುತ್ತಿದ್ದ ಹಳೆಯ ಫೋರ್ ವೀಲ್ ಪಿಕಪ್ ಏರಿನಲ್ಲಿ ಹಿಂದಕ್ಕೆ ಜಾರಿ ಅಂಚಿನಿಂದ ಕೆಳಗೆ ಬಿದ್ದಿತ್ತು. ಡ್ರೈವರ್ ಮತ್ತು ಇಬ್ಬರು ಕೆಲಸಗಾರರು ಸ್ಥಳದಲ್ಲೇ ಸತ್ತಿದ್ದರು. ಬದುಕಿದವರಲ್ಲಿ ಒಬ್ಬ, "ಎಂಜಿನ್ ಒಂದೇ ಸಮನೆ ಕಿರುಚಿತು, ಆಮೇಲೆ ಗಾಡಿ ಹೋಯ್ತು" ಎಂದಿದ್ದ. ಹಿಂದಿನ ಅಧಿಕಾರಿ ಆ ಕಿರುಚಾಟವನ್ನೇ ಅತಿವೇಗ ಎಂದು ಬರೆದು, ವರ್ಗವಾಗಿ ಹೋಗಿದ್ದರು.

"ಹತ್ತೋ ಗಾಡಿಗೆ ಅತಿವೇಗ ಎಲ್ಲಿಂದ ಬರುತ್ತೆ ಸಾರ್? ಆ ಏರಲ್ಲಿ ನಾನು ಪಕ್ಕದಲ್ಲಿ ನಡ್ಕೊಂಡು ಹೋದ್ರೂ ಅವರ ಗಾಡಿಗಿಂತ ಹಿಂದೆ ಬೀಳಲ್ಲ."

ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು. "ಹನ್ನೊಂದು ದಿನ ಸುಮ್ಮನಿದ್ದು ಇವತ್ತು ಯಾಕೆ ಬಂದ್ರಿ?"

"ಸತ್ತವರಲ್ಲಿ ಒಬ್ಬ ನಮ್ಮ ಪಕ್ಕದ ಮನೆ ಅಕ್ಕನ ಮಗ. ಎರಡು ಮನೆಗೂ ಒಂದೇ ಗೋಡೆ, ಇಪ್ಪತ್ತು ವರ್ಷದಿಂದ. ನಿನ್ನೆ ಅಕ್ಕ ಬಂದು ಹೊಸಿಲಾಚೆನೇ ನಿಂತು ಒಂದು ಮಾತು ಕೇಳಿದ್ರು. 'ಗಾಡಿ ಸರಿ ಇಲ್ಲ ಅಂತ ನಿನ್ನ ಗಂಡಂಗೆ ಗೊತ್ತಿತ್ತಾ?' ಗೊತ್ತಿರಲಿಲ್ಲ ಅಕ್ಕ, ಆಣೆ ಮಾಡ್ತೀನಿ ಅಂದೆ. 'ಪೊಲೀಸ್ನೋರು ಹಾಗೆ ಬರ್ದಿಲ್ವಲ್ಲ' ಅಂದು ಹೋದ್ರು."

"ಗಾಡಿ ಸರಿ ಇತ್ತಾ?"

"ಅದರ ಗೇರಿಗೆ ಅವರು ಎಂಟು ತಿಂಗಳು ಕಾದಿದ್ರು ಸಾರ್. ಬಂದರಿನ ಗುಜರಿಯಲ್ಲಿ ಸಿಕ್ಕಿತು. ಎರಡು ಹಗಲು ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದ್ರು. ಬಾಣಂತಿ ಕೂಸು ತಂದ ಹಾಗೆ ತಂದ್ರಿ ಅಂತ ನಾನು ನಗಾಡಿದ್ದೆ. ಹಾಕಿಸಿ ಎರಡು ವರ್ಷ ಆಗಿಲ್ಲ."

ಹತ್ತು ಐದಕ್ಕೆ ಆಕೆಯ ಹೇಳಿಕೆ ಬರೆದುಕೊಂಡು ಸಹಿ ಪಡೆದರು.

ಮರುದಿನ ಶನಿವಾರ, ಹನ್ನೊಂದು ಗಂಟೆಗೆ, ಠಾಣೆಯ ಹಿಂದಿನ ಅಂಗಳದಲ್ಲಿ ಪಂಚನಾಮೆ ನಡೆಯಿತು. ಎದುರಿನ ದರ್ಜಿ ಮತ್ತು ಪುಸ್ತಕದಂಗಡಿಯವನು ಪಂಚರು. ಸಾರಿಗೆ ಇಲಾಖೆಯ ನಿರೀಕ್ಷಕ ಮೊದಲು ಕೊಟ್ಟಿದ್ದ ವರದಿ ಅಡ್ಡಗೋಡೆ ಮೇಲೆ ದೀಪ ಇಟ್ಟಂತಿತ್ತು: ಬ್ರೇಕ್ ಸರಿ ಇದೆ, ಉಳಿದದ್ದು ಜಖಂ. ಈ ಸಲ ಅವನನ್ನು ಸ್ಪ್ಯಾನರ್ ಹಿಡಿದೇ ಬರಲು ಹೇಳಲಾಗಿತ್ತು.

ಪಿಕಪ್ಪಿನ ತಲೆ ಚಪ್ಪಟೆಯಾಗಿತ್ತು. ಆದರೆ ಒಳಗಿನ ಎರಡು ಗೇರ್ ಲಿವರ್‌ಗಳು ನೆಟ್ಟಗೆ ನಿಂತಿದ್ದವು. ಚಿಕ್ಕ ಲಿವರಿಗೆ ನೀಲಿ ಚೌಕಳಿಯ ಬಟ್ಟೆಯ ಪಟ್ಟಿಯೊಂದನ್ನು ಬಿಗಿದು, ಇನ್ನೊಂದು ತುದಿಯನ್ನು ಸೀಟಿನ ಕಾಲಿಗೆ ಕಟ್ಟಲಾಗಿತ್ತು. ಪಟ್ಟಿ ನಡುವೆ ಹರಿದಿತ್ತು. ಇನ್ಸ್‌ಪೆಕ್ಟರ್ ಅದನ್ನು ಬಿಚ್ಚಿಸಿ ಬೇರೆ ಲಕೋಟೆಗೆ ಹಾಕಿಸಿದರು.

"ಈ ಲಿವರ್ ಯಾವುದಕ್ಕೆ?"

"ಬೆಟ್ಟಕ್ಕೆ ಸಾರ್," ಎಂದ ಸಾರಿಗೆ ನಿರೀಕ್ಷಕ. "ನಾಲ್ಕೂ ಚಕ್ರಕ್ಕೆ ಬಲ ಕೊಡೋ ಚಿಕ್ಕ ಗೇರ್ ಬಾಕ್ಸಿಂದು. ಇದನ್ನ ಲೋ ಗೇರಿಗೆ ಹಾಕಿದ್ರೆ ಗಾಡಿ ಆಮೆ ಥರ ಹತ್ತುತ್ತೆ, ಆದ್ರೆ ಹತ್ತುತ್ತೆ."

"ಲೋ ಗೇರು ಮಧ್ಯದಲ್ಲಿ ಹಾರಿದ್ರೆ?"

"ಎಂಜಿನ್‌ಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತೆ. ಎಂಜಿನ್ ಸುಮ್ನೆ ಕಿರುಚುತ್ತೆ, ಗಾಡಿ ಹಿಂದಕ್ಕೆ ಹೋಗುತ್ತೆ. ಅಷ್ಟು ಜನರ ಭಾರ, ಕೆಳಗೆ ಸಡಿಲ ಜಲ್ಲಿ. ಬ್ರೇಕ್ ಒತ್ತಿದ್ರೂ ಚಕ್ರ ನಿಂತು ಗಾಡಿ ಜಾರುತ್ತೆ."

ಚಿಕ್ಕ ಬಾಕ್ಸನ್ನು ಬಿಚ್ಚಲು ಒಂದೂವರೆ ಗಂಟೆ ಹಿಡಿಯಿತು. ಹೊರಗೆ ಬಂದ ಗೇರಿನ ಹಲ್ಲುಗಳು ಬಾಯಲ್ಲಿ ಕರಗಿದ ಪೆಪ್ಪರ್‌ಮೆಂಟಿನಂತೆ ಉರುಟಾಗಿದ್ದವು.

ದಫೇದಾರರು ಬಗ್ಗಿ ನೋಡಿದರು. "ಹಲ್ಲಿದ್ರೆ ಕಡಲೆ ಇಲ್ಲ, ಕಡಲೆ ಇದ್ರೆ ಹಲ್ಲಿಲ್ಲ ಅಂತಾರಲ್ಲ ಸಾರ್."

ಇನ್ಸ್‌ಪೆಕ್ಟರ್ ಬಟ್ಟೆಯಿಂದ ಎಣ್ಣೆ ಒರೆಸಿ ಗೇರನ್ನು ಬೆಳಕಿಗೆ ಹಿಡಿದರು. ಬದಿಯಲ್ಲಿ ಉಳಿಯ ಮೊನೆಯಿಂದ ಕುಟ್ಟಿದ ಮೂರು ಚುಕ್ಕೆಗಳಿದ್ದವು. ಬಾಕ್ಸಿನ ಮೇಲೆ ಅದೇ ಥರದ ಚುಕ್ಕೆ ಎರಡೇ ಇದ್ದವು.

"ಇದು ನಮ್ಮೂರ ಮೆಕ್ಯಾನಿಕ್ 'ಆಗುತ್ತೆ ಮೇಸ್ತ್ರಿ' ಕೈಕೆಲಸ," ಎಂದರು ದಫೇದಾರರು. "ಏನು ತಗೊಂಡು ಹೋದ್ರೂ ಆಗುತ್ತೆ ಅಂತಾನೆ, ಅದಕ್ಕೇ ಆ ಹೆಸರು. ಈ ಮಾಡೆಲ್ ಪಿಕಪ್ ಊರಲ್ಲಿ ಉಳಿದಿರೋದೇ ನಾಲ್ಕು. ಕಂಪನಿ ನಿಲ್ಲಿಸಿ ಹದಿನೆಂಟು ವರ್ಷ ಆಯ್ತು. ಹೊಸ ಗಾಡಿಗಳು ಉದ್ದ ಜಾಸ್ತಿ, ಬೆಟ್ಟದ ತಿರುವಲ್ಲಿ ತಿರುಗಲ್ಲ. ನಾಲ್ಕನ್ನೂ ಇವನೊಬ್ಬನೇ ಬಿಚ್ಚೋದು. ಸಾಮಾನು ಬೆರಕೆ ಆಗಬಾರದು ಅಂತ ಒಂದೊಂದು ಗಾಡಿಗೆ ಇಷ್ಟಿಷ್ಟು ಚುಕ್ಕೆ ಅಂತ ಇಡ್ತಾನೆ."

"ಮೂರು ಚುಕ್ಕೆ ಯಾರ ಗಾಡಿ?"

"ಆಸ್ಪತ್ರೆದು ಸಾರ್."

ಹದಿನೇಳನೇ ತಾರೀಖು ಸೋಮವಾರ ಒಂಬತ್ತು ಗಂಟೆಗೆ ಅವರು ಆಸ್ಪತ್ರೆಯ ಹಿಂಭಾಗಕ್ಕೆ ಹೋದಾಗ, ನರ್ಸ್ ಪಿಕಪ್ಪಿನಲ್ಲಿ ಲಸಿಕೆಯ ಡಬ್ಬಗಳಿಗೆ ಜಾಗ ಅಳೆಯುತ್ತಿದ್ದಳು. ಡ್ರೈವರ್ ಹುದ್ದೆ ಖಾಲಿ ಬಿದ್ದು ನಾಲ್ಕು ವರ್ಷ. ಗಾಡಿ ಓಡಿಸುತ್ತಿದ್ದವಳು ಅವಳೇ.

"ಗೇರು ತೊಂದರೆ ಇತ್ತಾ ಸಿಸ್ಟರ್?"

"ಆರು ತಿಂಗಳಿಂದ. ಹೋದ ತಿಂಗಳು ಹನ್ನೊಂದಕ್ಕೆ ಮೂರನೇ ತಿರುವಲ್ಲೇ ಗೇರು ಹಾರಿತು, ವಾಪಸ್ ಬಂದೆ. ಮೇಲಿನ ಕೇರಿಯಲ್ಲಿ ಒಬ್ಬಳಿಗೆ ಹೆರಿಗೆ ನೋವು. ಅವರು ಮಂಚದ ಮೇಲೆ ಹೊತ್ಕೊಂಡು ಇಳಿದು ಬರೋಷ್ಟರಲ್ಲಿ ಕೂಸು ಹೋಗಿತ್ತು."

"ಸರಿ ಆಗಿದ್ದು ಯಾವಾಗ?"

"ಇಪ್ಪತ್ತನಾಲ್ಕಕ್ಕೆ. ಎಲ್ಲಿ ಸಿಕ್ತು ಮೇಸ್ತ್ರಿ ಅಂದೆ. ಸಿಕ್ತು ಅಂದ್ರು. ನಾನು ಕೆದಕಲಿಲ್ಲ. ಸಿಕ್ಕಿದ್ದೇ ಪುಣ್ಯ."

ಅಲ್ಲೇ ಪಂಚರನ್ನು ಕರೆಸಿ ಬಾಕ್ಸ್ ಬಿಚ್ಚಿಸಿದರು. ಒಳಗಿನ ಗೇರಿನ ಹಲ್ಲುಗಳು ಚೂಪಾಗಿ ಹೊಳೆಯುತ್ತಿದ್ದವು. ಬದಿಯಲ್ಲಿ ಎರಡು ಚುಕ್ಕೆ. ದಫೇದಾರರು ಅದನ್ನು ಬಿಳಿ ಬಟ್ಟೆಯಲ್ಲಿ ಹೊಲಿಸಿ ಅರಗಿನ ಮುದ್ರೆ ಒತ್ತಿದರು.

"ನಾಳೆ ನಾನು ಮೇಲೆ ಹೋಗಬೇಕು," ಎಂದಳು ನರ್ಸ್.

"ಇದು ಈಗ ಮುದ್ದೆಮಾಲು, ಕೇಸಿನ ಸಾಕ್ಷಿ ಸಿಸ್ಟರ್," ಎಂದರು ಇನ್ಸ್‌ಪೆಕ್ಟರ್. "ಬಿಡಿಸ್ಕೊಳ್ಳೋಕೆ ಕೋರ್ಟಿಗೆ ಅರ್ಜಿ ಹಾಕಬೇಕು."

"ಎಷ್ಟು ದಿನ?"

"ಹೇಳಕ್ಕಾಗಲ್ಲ."

"ಹಾಗಾದ್ರೆ ಬಸುರಿಯರಿಗೂ ನೀವೇ ಒಂದು ನೋಟಿಸ್ ಕೊಟ್ಬಿಡಿ, ಕೋರ್ಟ್ ಹೇಳೋವರೆಗೂ ತಡ್ಕೊಳ್ಳಿ ಅಂತ." ಅವಳು ಡಬ್ಬಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡು ಹೋದಳು.

ಮಧ್ಯಾಹ್ನ ಮೂರಕ್ಕೆ ಮೇಸ್ತ್ರಿಯ ಶೆಡ್ಡು. ಅರವತ್ತೊಂದು ವರ್ಷದ ಸಣಕಲು ಮನುಷ್ಯ. ಗೋಡೆಯ ತುಂಬ ಸೀಮೆಸುಣ್ಣದಲ್ಲಿ ಬರೆದ ಫೋನ್ ನಂಬರುಗಳು, ಹತ್ತರಲ್ಲಿ ಒಂಬತ್ತಕ್ಕೆ ಅಡ್ಡಗೆರೆ. ಮೊಳೆಗಳಿಗೆ ದಪ್ಪ ತೆಳು ತಂತಿಗಳನ್ನು ಸುರುಳಿ ಸುತ್ತಿ ಅಳತೆ ಪ್ರಕಾರ ನೇತುಹಾಕಿದ್ದ. ಬೆಂಚಿನ ಮೇಲೆ ಒಡೆದ ಪಾರ್ಸಲ್, ಒಳಗೊಂದು ಹೊಸ ಗೇರು.

"ಇದೇನು?"

"ನಾನು ತರಿಸಿದ್ದು ಸಾಹೇಬ್ರೆ. ಆರನೇ ತಾರೀಖು ಬಂತು. ಒಂದು ಹಲ್ಲು ಕಮ್ಮಿ. ಬಾಕ್ಸಿಗೆ ಕೂರಲ್ಲ."

"ಎರಡು ಚುಕ್ಕೆ ಗೇರು ಆಸ್ಪತ್ರೆ ಗಾಡಿಗೆ ಹೇಗೆ ಹೋಯ್ತು?"

ಮೇಸ್ತ್ರಿ ಕೈ ಒರೆಸಿಕೊಂಡು ಕುಳಿತ. ಯಾವುದನ್ನೂ ಸುತ್ತಿಬಳಸಿ ಹೇಳಲಿಲ್ಲ. ಹೋದ ತಿಂಗಳ ಇಪ್ಪತ್ತೆರಡಕ್ಕೆ ಡ್ರೈವರ್ ಗಾಡಿ ಬ್ರೇಕ್ ಕೆಲಸಕ್ಕೆ ಬಂದಿತ್ತು. ಮುಂದಿನ ವಾರವೆಲ್ಲ ಊರೊಳಗೆ ಮರಳು ಹೊಡೆಯುವ ಕೆಲಸ, ಬೆಟ್ಟವಿಲ್ಲ ಎಂದು ಡ್ರೈವರೇ ಹೇಳಿದ್ದ. ಪಾರ್ಸಲ್ ವಾರದೊಳಗೆ ಬರಬೇಕಿತ್ತು. ಅಲ್ಲಿಯವರೆಗೆ ಎರಡು ಗಾಡಿಗಳ ಗೇರು ಅದಲುಬದಲು ಮಾಡಿದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡ.

"ಚುಕ್ಕೆ ಉಜ್ಜಿಹಾಕಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

"ಉಜ್ಜಿದ್ರೆ ಯಾವುದು ಯಾರದ್ದು ಅಂತ ವಾಪಸ್ ಹಾಕೋದು ಹೇಗೆ ಸಾಹೇಬ್ರೆ?"

"ಡ್ರೈವರಿಗೆ ಹೇಳಿದ್ಯಾ?"

"ಇಲ್ಲ."

"ಲಿವರಿಗೆ ಬಟ್ಟೆ ಕಟ್ಟಿದ್ದು ಯಾರು?"

"ನಾನೇ."

ಇನ್ಸ್‌ಪೆಕ್ಟರ್ ಗೋಡೆಯ ತಂತಿಗಳನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು. ಊರು ಬಿಟ್ಟು ಹೋಗಬಾರದೆಂದು ಹೇಳಿ ಎದ್ದರು.

ಜೀಪಿನಲ್ಲಿ ದಫೇದಾರರು, "ತಪ್ಪೊಪ್ಕೊಂಡ್ನಲ್ಲ ಸಾರ್, ಎತ್ಕೊಂಡು ಬರೋದು ತಾನೆ?" ಎಂದರು.

"ಶೆಡ್ ತುಂಬ ತಂತಿ ಇರೋನು ಬಟ್ಟೆ ಹರಿದು ಕಟ್ತಾನೇನ್ರೀ?"

ಮಂಗಳವಾರ ಹತ್ತೂವರೆಗೆ ಡ್ರೈವರ್ ಮನೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಕಿಟಕಿಯ ಕೆಳಗೆ ಮಂಚ. ಗೋಡೆಯಾಚೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಲೋಟ ಬೋರಲಿಡುವ ಸದ್ದು ಕೂಡ ಕೇಳುತ್ತಿತ್ತು. ಇನ್ಸ್‌ಪೆಕ್ಟರ್ ಲಕೋಟೆ ತೆರೆಯುವ ಮೊದಲೇ ಮಂಚದ ಮೇಲಿನ ಹೊದಿಕೆ ಕಂಡಿತು. ನೀಲಿ ಚೌಕಳಿ. ಒಂದು ಅಂಚು ಉದ್ದಕ್ಕೂ ಹರಿದಿತ್ತು.

"ಈ ಪಟ್ಟಿ ನಿಮ್ಮದಾ ತಾಯಿ?"

"ಹೂಂ ಸಾರ್. ಆವತ್ತು ಬೆಳಿಗ್ಗೆ ಒಂದು ಗಟ್ಟಿ ಬಟ್ಟೆ ಕೊಡು ಅಂದ್ರು. ಗೊಣಗಿಕೊಂಡೇ ಹರಿದುಕೊಟ್ಟೆ. ಯಾಕೆ, ಎಲ್ಲಿ ಸಿಕ್ತು?"

ಇನ್ಸ್‌ಪೆಕ್ಟರ್ ಹೇಳಿದರು. ಹಾರುವ ಗೇರು, ಹಾರದಂತೆ ಕಟ್ಟಿದ ಲಿವರು. ಒಂದೊಂದು ಮಾತನ್ನೂ ನಿಧಾನವಾಗಿ ಹೇಳಿದರು. ಆಕೆ ಮಂಚದ ಅಂಚಿನಲ್ಲಿ ಕುಳಿತಳು. ಹರಿದ ಅಂಚಿನಿಂದ ಒಂದು ನೂಲು ಎಳೆದಳು. ಅದು ಎಳೆದಷ್ಟೂ ಬಂತು.

"ಹಾಗಾದ್ರೆ ಅವರಿಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಆಣೆ ಮಾಡಿದ್ನಲ್ಲ ಸಾರ್."

ದಫೇದಾರರು ಬರೆಯುವ ಹಲಗೆಯನ್ನು ಮಡಿಲಲ್ಲೇ ಬೋರಲು ಹಾಕಿಕೊಂಡರು. ಇನ್ಸ್‌ಪೆಕ್ಟರ್ ದನಿ ತಗ್ಗಿಸಿದರು.

"ಮೇಸ್ತ್ರಿ ಆ ಬಟ್ಟೆ ನಾನೇ ಕಟ್ಟಿದ್ದು ಅಂತ ಹೇಳಿಕೆ ಕೊಟ್ಟಿದ್ದಾನೆ. ನೀವು ಹೇಳಿದ್ದನ್ನ ನಾನು ಬರೀಲೇಬೇಕು. ಆದ್ರೆ ಇನ್ನೂ ಬರೆದಿಲ್ಲ. ಯೋಚಿಸಿ ಹೇಳಿ. ಒಂದು ಸಲ ಬರೆದ್ರೆ ನೀವು ತೆಗೀರಿ ಅಂದ ಒಂದು ಪದ ಅಲ್ಲೇ ಉಳಿಯುತ್ತೆ. ಅತಿವೇಗ ಹೋಗುತ್ತೆ, ಅಜಾಗರೂಕತೆ ಹೋಗಲ್ಲ."

ಗೋಡೆಯಾಚೆ ನೀರು ಸುರಿಯುವ ಸದ್ದಾಯಿತು. ಆಕೆ ಅದನ್ನೇ ಕೇಳುತ್ತ ಕುಳಿತಿದ್ದಳು. ಆಮೇಲೆ ತಲೆ ಎತ್ತಿ, ಇನ್ಸ್‌ಪೆಕ್ಟರ್ ಕಡೆ ನೋಡದೆ ಗೋಡೆಯ ಕಡೆ ತಿರುಗಿ, ಪಕ್ಕದ ಮನೆಯವರನ್ನು ಕರೆಯುವಾಗಿನ ದನಿಯಲ್ಲಿ ಹೇಳಿದಳು:

"ಬರ್ಕೊಳ್ಳಿ ಸಾರ್. ಬಟ್ಟೆ ಹರಿದುಕೊಟ್ಟಿದ್ದು ನಾನು. ಕಟ್ಟಿದ್ದು ನಮ್ಮ ಯಜಮಾನರು. ಗೇರು ಹಾರುತ್ತೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಐದು ಜನರನ್ನ ಹತ್ತಿಸ್ಕೊಂಡು ಹೋದ್ರು."

ಆಚೆ ಪಾತ್ರೆಯ ಸದ್ದು ನಿಂತಿತು. ಹೇಳಿಕೆ ಬರೆದು, ಓದಿ ಹೇಳಿ, ಸಹಿ ಹಾಕಿಸುವಷ್ಟು ಹೊತ್ತೂ ಅದು ಮತ್ತೆ ಶುರುವಾಗಲಿಲ್ಲ.

ಅದೇ ದಿನ ನಾಲ್ಕು ಹತ್ತಕ್ಕೆ ಮೇಸ್ತ್ರಿಯನ್ನು ಬಂಧಿಸಲಾಯಿತು. ಆಕೆಯ ಹೇಳಿಕೆಯನ್ನು ಅವನಿಗೆ ಓದಿ ಹೇಳಿದರು.

"ಯಾಕೆ ಹೇಳಿದ್ಲು ಆ ತಾಯಿ? ನಾನು ಹೊತ್ಕೋತಿದ್ನಲ್ಲ."

"ಹೊರೋದು ಸಾಕು. ನಡೆದದ್ದು ಹೇಳು."

ಎರಡನೇ ತಾರೀಖು ಭಾನುವಾರ ಸಂಜೆ ನಾಲ್ಕಕ್ಕೆ ಡ್ರೈವರ್ ಶೆಡ್ಡಿಗೆ ಬಂದಿದ್ದ. ಮರುದಿನ ದಿಢೀರನೆ ಟವರಿನ ಕೆಲಸ ಬಂದಿತ್ತು. ಒಂದು ಸಣ್ಣ ಏರಿನಲ್ಲಿ ಹತ್ತಿಸಿ ನೋಡಿದಾಗ ಲೋ ಗೇರು ಎರಡು ಸಲ ಹಾರಿತ್ತು. ಮೇಸ್ತ್ರಿ ಎಲ್ಲವನ್ನೂ ಹೇಳಿ ಕಾಲು ಹಿಡಿಯಲು ಹೋದ. ಈಗಲೇ ಆಸ್ಪತ್ರೆ ಗಾಡಿ ಬಿಚ್ಚುತ್ತೇನೆ ಎಂದ. ಡ್ರೈವರ್ ಬಾಯಿಗೆ ಬಂದಂತೆ ಬೈದು, ಆಮೇಲೆ ಅಲ್ಲೇ ಟೈರಿನ ಮೇಲೆ ಕುಳಿತ. ಕೂಸಿನ ಸುದ್ದಿ ಅವನಿಗೂ ಗೊತ್ತಿತ್ತು.

"ಕೊನೆಗೆ ಏನಂದ?"

"'ಬಿಚ್ಚಬೇಡ ಬಿಡು, ನರ್ಸಮ್ಮ ಮಂಗಳವಾರ ಮೇಲೆ ಹೋಗಬೇಕು. ನಂದು ಒಂದು ದಿನದ ಕೆಲಸ. ಲಿವರ್ ಬಿಗಿದು ಕಟ್ಕೊಂಡು ಹತ್ತಿಸಿದ್ರೆ ಆಗುತ್ತಾ?' ಅಂದ."

"ನೀನೇನಂದೆ?"

ಮೇಸ್ತ್ರಿ ಉತ್ತರ ಕೊಡಲಿಲ್ಲ. ದಫೇದಾರರೂ ಬರೆಯಲಿಲ್ಲ. ಅವನು ಏನು ಹೇಳಿರಬಹುದೆಂದು ಅವನಿಗೆ ಆ ಹೆಸರಿಟ್ಟ ಊರಿಗೆಲ್ಲ ಗೊತ್ತಿತ್ತು.

ಯಾರ ಮೇಲೂ ಅವನಿಗೆ ಹಗೆ ಇರಲಿಲ್ಲ, ದುಡ್ಡಿನ ಆಸೆಯೂ ಇರಲಿಲ್ಲ. ಕೈ ಚಾಚಿ ಬಂದವರನ್ನು ಬರಿಗೈಲಿ ಕಳಿಸಿ ಅವನಿಗೆ ಅಭ್ಯಾಸವಿರಲಿಲ್ಲ, ಅಷ್ಟೇ. ಒಂದು ಒಳ್ಳೆಯ ಗೇರು, ಬೇಕಾದವರು ಇಬ್ಬರು. ಇಬ್ಬರಿಗೂ ಕೊಡಲು ಹೋಗಿ ಮೂರು ಹೆಣ ಬಿದ್ದವು. ಅಂಥದ್ದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ. ಇನ್ಸ್‌ಪೆಕ್ಟರ್ ಉದ್ದೇಶ ಎಂಬ ಅಂಕಣವನ್ನು ಖಾಲಿ ಬಿಟ್ಟರು.

ಬಂಧನದ ಪತ್ರ ತುಂಬುತ್ತಿದ್ದ ದಫೇದಾರರು ಕೇಳಿದರು. "ನಿನ್ನ ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಹೆಂಡತಿ ಮಕ್ಕಳು?"

"ಯಾರೂ ಇಲ್ಲ." ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಅವರ ಕೈಗೆ ಕೊಟ್ಟ. "ಉಳಿದ ಎರಡು ಪಿಕಪ್ ಇದಾವಲ್ಲ, ಅವನ್ನ ಓಡಿಸೋ ಇಬ್ಬರಿಗೆ ತಿಳಿಸಿ. ಅವರ ಗೇರೂ ಸವೆದಿದೆ, ನಾನು ಹೇಳಿರಲಿಲ್ಲ. ಇನ್ನು ಬೆಟ್ಟ ಹತ್ತಬೇಡಿ ಅಂತ ಹೇಳ್ಬಿಡಿ."