ಹಬ್ಬದ ದಿನದ ಉಪವಾಸ

ಡೈರಿಯ ಒಂದು ಸಾಲನ್ನು ವಿದಾದ್ ಮೂರು ಸಲ ಗೀಚಿಹಾಕಿದ್ದಳು. ಆದರೂ ಅದು ಕಾಣುತ್ತಿತ್ತು: 'ಬಣ್ಣ ನೋಡಿದಾಗಲೇ ಹೇಳಬೇಕಿತ್ತು.' ಬರೆಯುವುದಾದರೆ ಅವಳು ಪುಟಗಟ್ಟಲೆ ಬರೆದಾಳು; ಬಾಯಿಬಿಟ್ಟು ಹೇಳುವುದೆಂದರೆ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು.

ಗುರುವಾರ ಬೆಳಿಗ್ಗೆ ಸ್ಫಾಕ್ಸ್ ಊರಿನ ಒಂದು ಪ್ರಯೋಗಾಲಯದಲ್ಲಿ ಪ್ರೊಫೆಸರ್ ತ್ರೀಕಿ ಗುಡುಗುತ್ತಿದ್ದರು. ಅವರ ವಿದ್ಯಾರ್ಥಿ ನೌಫಲ್ ಎರಡು ವರ್ಷದಿಂದ ತೋರಿಸುತ್ತ ಬಂದ ಪ್ರೋಟೀನು ಜೀವಕೋಶದ ನೆತ್ತಿಯಲ್ಲಿ ಮಾತ್ರ ಹೊಳೆಯಬೇಕು. ಇಂದಿನ ಚಿತ್ರದಲ್ಲಿ ಅದು ಪಕ್ಕೆ, ಬುಡ ಎನ್ನದೆ ಹರಡಿಕೊಂಡಿತ್ತು.

"ಹಾಗಾದ್ರೆ ಹಳೇ ಚಿತ್ರಗಳೆಲ್ಲ ಸುಳ್ಳು! ನಾಳೆನೇ ನಿನ್ನ ಪ್ರಬಂಧ ವಾಪಸ್ ತಗೋತೀನಿ."

ನೌಫಲ್ ಬಿಳಿಚಿಕೊಂಡ. ಅವನ ಜೊತೆ ಜೀವಕೋಶಗಳನ್ನು ನೋಡಿಕೊಳ್ಳುವ ವಿದಾದ್ ಓಡಿದ್ದು ಗಾಜು ತೊಳೆಯುವ ಕೋಣೆಗೆ, ಎಲ್ಲರೂ 'ಖಾಲ್ತಿ', ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮಬ್ರೂಕಾ ಬಳಿಗೆ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡ ಆ ಮುದುಕಿ ಮೂವತ್ತು ವರ್ಷದಲ್ಲಿ ಅಲ್ಲಿ ಪತ್ತೆಹಚ್ಚದೆ ಬಿಟ್ಟ ಕಳವಿಲ್ಲ.

"ಅಳ್ಬೇಡ ಮಗಳೇ. ಮೊದ್ಲು ಶರ್ಮೂಲಾ ತಿನ್ನು, ಹಬ್ಬದ್ದು ಉಳಿದಿದೆ." ಈರುಳ್ಳಿ, ಒಣದ್ರಾಕ್ಷಿಯ ಗೊಜ್ಜಿನ ಡಬ್ಬಿ ಮುಂದೆ ಬಂತು.

ಆಮೇಲೆ ಖಾಲ್ತಿ ಬಾಗಿಲಿಗೆ ಅಂಟಿಸಿದ್ದ ಪಾಳಿಯ ಚೀಟಿ ಓದಿದಳು. ಜೀವಕೋಶಗಳ ಊಟವಾದ ಗುಲಾಬಿ ಬಣ್ಣದ ರಸವನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು: ಕೊನೆಯ ಉಪವಾಸದ ದಿನ ನೌಫಲ್, ಈದ್‌ನ ಮರುದಿನ ವಿದಾದ್. ಹಳೇ ರಸ ಸುರಿಯುವ ಶೀಷೆಯನ್ನು ಬೆಳಕಿಗೆ ಹಿಡಿದಳು. "ನೌಫಲ್, ನಿನ್ನ ಪ್ರೋಟೀನು ಎಷ್ಟು ತೂಗುತ್ತೆ ನೋಡಪ್ಪ," ಎಂದಳು.

ಸಂಜೆ ಎಲ್ಲರನ್ನೂ ಕೂರಿಸಿದಳು.

"ಪ್ರೊಫೆಸರ್ರೇ, ಪ್ರೋಟೀನಿಗೆ ನೆತ್ತಿಯ ದಾರಿ ತೋರ್ಸೋದು ಯಾವ್ದು?"

"ಅದರ ಮೈಮೇಲಿನ ಸಕ್ಕರೆ ಸರ. ನಂಗೇ ಪಾಠ ಹೇಳ್ತೀರಾ ಖಾಲ್ತಿ?"

"ಸರ ಇಲ್ದಿದ್ರೆ?"

"ವಿಳಾಸ ಇಲ್ಲದ ಕಾಗದದ ಹಾಗೆ ಎಲ್ಲೆಲ್ಲೋ..." ಪ್ರೊಫೆಸರ್ ಅರ್ಧಕ್ಕೇ ನಿಂತರು.

"ನೌಫಲ್ ತೂಗಿ ನೋಡಿದ, ಪ್ರೋಟೀನು ಹಗುರ. ಅಂದ್ರೆ ಸರ ಇಲ್ಲ. ಸುರಿದ ರಸ ಗುಲಾಬಿ ಅಲ್ಲ, ಹಳದಿ. ಅಂದ್ರೆ ಅದ್ರಲ್ಲಿದ್ದ ಸಕ್ಕರೆಯೆಲ್ಲ ತಿಂದು ಮುಗಿದು ಹುಳಿಯಾಗಿದೆ. ಹೊಟ್ಟೆಗೇ ಇಲ್ದೋರು ಸರ ಎಲ್ಲಿಂದ ಕಟ್ಟಿಸ್ತಾರೆ?"

ಪ್ರೊಫೆಸರ್ ನಕ್ಕೇಬಿಟ್ಟರು.

"ಈ ಸಲ ಮಂಗಳವಾರ ಈದ್ ಅಂದ್ಕೊಂಡಿದ್ವಿ. ಚಂದ್ರ ಭಾನುವಾರವೇ ಕಂಡ. ನೌಫಲ್ ಅವತ್ತೇ ಬಂದು ಬೀಗದ ಕೈ ಇಸ್ಕೊಂಡು ರಸ ಹಾಕ್ದ. ಸೋಮವಾರ ಈದ್ ಆಯ್ತು, ಮಂಗಳವಾರ ಮರುದಿನ. ಅವತ್ತು ನನ್ನ ಹತ್ರ ಯಾರೂ ಕೈ ಕೇಳ್ಲಿಲ್ಲ. ಚಂದ್ರನ್ನ ಕೇಳ್ದೆ ಯಾರೋ ಮೊದ್ಲೇ 'ಬುಧವಾರ' ಅಂತ ಬರ್ಕೊಂಡಿದ್ರು. ಊರೆಲ್ಲ ಹಬ್ಬ ಉಣ್ತು, ಈ ಪಾಪದ ಕೋಶಗಳು ಮಾತ್ರ ರೋಜಾ ಇದ್ವು!"

"ಯಾರೋ ಅಂದ್ರೆ ಯಾರು?"

"ಪತ್ತೆ ಮಾಡೋದು ನನ್ನ ಕೆಲ್ಸ. ಹೇಳೋದು ಅವರ ಕೆಲ್ಸ." ಖಾಲ್ತಿ ಡಬ್ಬಿಯಲ್ಲಿ ದ್ರಾಕ್ಷಿ ಹುಡುಕತೊಡಗಿದಳು.

ವಿದಾದ್ ಡೈರಿಯನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ನಿಂತಳು.

"ನಾನು. ಮಂಗಳವಾರ ನಂದಾಗಿತ್ತು, ಬುಧವಾರ ಬಂದೆ. ಹಳದಿ ನೋಡಿನೂ ಸುಮ್ನಿದ್ದೆ. ನೌಫಲ್ ಚಿತ್ರ ಸುಳ್ಳಲ್ಲ ಸರ್."